ಹೆಣ್ಣುಮಕ್ಕಳ ಗೊರಕೆ: ರಾತ್ರಿ ಪಾಳಿಯಿಂದ ಒಂದು ಮಾತು

ನಿದ್ದೆ ಪರೀಕ್ಷೆ ಮಾಡುವ ನಮ್ಮ ಸ್ಲೀಪ್ ಲ್ಯಾಬಿಗೆ ಬರುವ ಗಂಡಸರಲ್ಲಿ ತಾವಾಗಿಯೇ ಬಂದವರು ಕಡಿಮೆ. ಹೆಂಡತಿ ಕರೆದುಕೊಂಡು ಬಂದಿರುತ್ತಾಳೆ. ನಾನು ಫಾರ್ಮ್ ಹಿಡಿದು "ಗೊರಕಿ ಹೊಡೀತೀರೇನ್ರೀ?" ಎಂದು ಯಜಮಾನರನ್ನು ಕೇಳಿದರೆ "ಹಂಗೇನಿಲ್ರೀ, ಸ್ವಲ್ಪ" ಅನ್ನುತ್ತಾರೆ. ಬಾಜೂ ಕುರ್ಚಿಯಿಂದ ಉತ್ತರ ಬರುತ್ತದೆ: "ಸ್ವಲ್ಪ ಅಲ್ರೀ ಮೇಡಂ. ಮಗ್ಗಲ ಮನಿಯವ್ರಿಗೂ ಕೇಳಸ್ತೈತಿ. ನಡುನಡುವ ಉಸಿರಽ ನಿಂತಬಿಡ್ತೈತಿ. ನಾ ಎದ್ದ ಕುಂತು ಅಳ್ಳಾಡಿಸಿ ಎಬ್ಬಸ್ತೇನಿ." ಅಂಗಾತ ಮಲಗಿದರೆ ಜಾಸ್ತಿಯೋ, ಮಗ್ಗುಲಾದರೆ ಕಡಿಮೆಯೋ, ಎಷ್ಟು ಹೊತ್ತಿಗೆ ಜೋರಾಗುತ್ತದೆ, ಎಷ್ಟು ಸಲ ಏಳುತ್ತಾರೆ, ಎಲ್ಲವನ್ನೂ ಆಕೆ ಹೇಳುತ್ತಾಳೆ. ವರ್ಷಗಟ್ಟಲೆ ನಿದ್ದೆಗೆಟ್ಟು ಕಲಿತದ್ದು ಅದು. ನಾನು ವೈರು ಹಚ್ಚುವ ಮೊದಲೇ ಅರ್ಧ ಪರೀಕ್ಷೆ ಆ ಹೆಣ್ಣುಮಗಳು ಮಾಡಿಟ್ಟಿರುತ್ತಾಳೆ.

ಈಗ ಅದೇ ಕುರ್ಚಿಯಲ್ಲಿ ಪೇಷಂಟ್ ಆಗಿ ಹೆಣ್ಣುಮಗಳು ಕೂತಾಗ ಏನಾಗುತ್ತದೆ ನೋಡಿ. ಐವತ್ತು ದಾಟಿದ ವಯಸ್ಸು. ಕೈಚೀಲದಲ್ಲಿ ದಪ್ಪ ಫೈಲು: ಬಿಪಿ, ಥೈರಾಯ್ಡ್, ರಕ್ತ ಕಡಿಮೆ ಅಂತ ಕಬ್ಬಿಣಾಂಶದ ಗುಳಿಗೆ, ತಲೆನೋವಿಗೊಂದು, ನಿದ್ದೆಗೊಂದು. ಬಿಪಿ ಗುಳಿಗೆ ಮೂರಾದರೂ ಇಳಿಯುತ್ತಿಲ್ಲ ಎಂದು ಫಿಜಿಶಿಯನ್ ಒಬ್ಬರಿಗೆ ಅನುಮಾನ ಬಂದು ಇಲ್ಲಿಗೆ ಕಳಿಸಿರುತ್ತಾರೆ. "ಅಕ್ಕಾರ, ಗೊರಕಿ ಬರ್ತೈತೇನ್ರೀ?" ಎಂದರೆ "ನನಗ ಹೆಂಗ ಗೊತ್ತಾಗಬೇಕ್ರೀ?" ಅನ್ನುತ್ತಾರೆ. ನ್ಯಾಯವಾದ ಮಾತು. ಮಗ್ಗುಲ ಕುರ್ಚಿಯಲ್ಲಿ ಕೂತ ಮಗನಿಗೂ ಗೊತ್ತಿಲ್ಲ, ಯಜಮಾನರಿಗೂ ಗೊತ್ತಿಲ್ಲ. ಯಜಮಾನರು ಹೊರಗೆ ಪಡಸಾಲೆಯಲ್ಲಿ ಮಲಗುತ್ತಾರೆ, ಇವರು ಒಳಗೆ ಮೊಮ್ಮಕ್ಕಳ ಜೊತೆ. ಇವರ ನಿದ್ದೆಗೆ ಸಾಕ್ಷಿ ಹೇಳುವವರೇ ಇಲ್ಲ. ಈ ಬರಹ ಇಷ್ಟನ್ನೇ ಕುರಿತದ್ದು.

ನಾನು ಅಣ್ಣಿಗೇರಿಯವಳು. ರೆಸ್ಪಿರೇಟರಿ ಕೇರ್ ಟೆಕ್ನಾಲಜಿ ಓದಿ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನಿದ್ದೆ ಪರೀಕ್ಷೆಯ ಟೆಕ್ನಿಷಿಯನ್ ಆಗಿದ್ದೇನೆ. "ಮಂದಿ ಮಕ್ಕೊಳ್ಳೂದ ನೋಡಾಕ ಪಗಾರ ಕೊಡ್ತಾರೇನು?" ಎಂದು ನನ್ನ ಅತ್ತೆ ಮೊದಮೊದಲು ಕೇಳುತ್ತಿದ್ದರು. ಹೌದು, ನೋಡುವುದೇ ಕೆಲಸ. ರಾತ್ರಿ ಎಂಟಕ್ಕೆ ಪೇಷಂಟ್ ಬರುತ್ತಾರೆ, ಬೆಳಿಗ್ಗೆ ಆರರ ಹೊತ್ತಿಗೆ ವೈರು ಬಿಚ್ಚಿ ಕಳಿಸುತ್ತೇವೆ. ನಡುವಿನ ಹೊತ್ತು ನಾನು ಗೋಡೆಯ ಆಚೆ ಸ್ಕ್ರೀನ್ ಮುಂದೆ. ಮೂವತ್ತು ಸೆಕೆಂಡಿಗೆ ಒಂದು ಪುಟ, ಅದಕ್ಕೆ ಇಪಾಕ್ ಅನ್ನುತ್ತೇವೆ. ಎಂಟು ತಾಸಿನ ರಾತ್ರಿಗೆ 960 ಪುಟ. ಒಂದೊಂದು ಪುಟವನ್ನೂ ನೋಡಿ ಇದು ಎಚ್ಚರ, ಇದು ಹಗುರ ನಿದ್ದೆ, ಇದು ಗಾಢ ನಿದ್ದೆ, ಇದು ಕನಸಿನ ನಿದ್ದೆಯಾದ ರೆಮ್ ಎಂದು ಗುರುತು ಹಾಕಬೇಕು. ಉಸಿರು ಎಲ್ಲೆಲ್ಲಿ ನಿಂತಿತು, ಎಷ್ಟು ಸೆಕೆಂಡು ನಿಂತಿತು, ಆಕ್ಸಿಜನ್ ಎಷ್ಟಕ್ಕೆ ಇಳಿಯಿತು ಎಂದು ಬರೆಯಬೇಕು.

ನಿಲ್ಲುವುದು ಅಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯು ಸಡಿಲಾಗುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ, ಕಿರುನಾಲಿಗೆಯ ಸುತ್ತಲ ಮೆತ್ತನೆಯ ಭಾಗ ಹಿಂದಕ್ಕೆ ಕುಸಿದು ಗಾಳಿದಾರಿ ಮುಚ್ಚುತ್ತದೆ. ಎದೆ, ಹೊಟ್ಟೆ ಉಸಿರೆಳೆಯಲು ಹೆಣಗುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಆಗ ಸ್ಕ್ರೀನಿನಲ್ಲಿ ಎದೆಗೆ ಕಟ್ಟಿದ ಬೆಲ್ಟಿನ ಗೆರೆ ಮೇಲಕ್ಕೆ ಹೋದರೆ ಹೊಟ್ಟೆಯ ಬೆಲ್ಟಿನದು ಕೆಳಕ್ಕೆ, ತಕ್ಕಡಿಯ ಎರಡು ತಟ್ಟೆಯ ಹಾಗೆ. ಆಕ್ಸಿಜನ್ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಒಂದೆರಡು ಉಸಿರಿನಷ್ಟು ಹೊತ್ತು ಎಚ್ಚರಾಗುತ್ತದೆ, ಗಂಟಲು ತೆರೆದು ಗೊರ್ರೆಂದು ಗಾಳಿ ಒಳಗೆ ನುಗ್ಗುತ್ತದೆ. ಮತ್ತೆ ನಿದ್ದೆ, ಮತ್ತೆ ಮುಚ್ಚುವುದು. ಮಲಗಿದವರಿಗೆ ಇದರ ಸುಳಿವೇ ಇಲ್ಲ. ಹತ್ತು ಸೆಕೆಂಡಾದರೂ ಉಸಿರು ನಿಂತರೆ ನಮ್ಮ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಆಪ್ನಿಯಾ ಎಂದು ಹೆಸರು. ಪೂರ್ತಿ ನಿಲ್ಲದೆ ತೆಳುವಾದರೆ ಹೈಪಾಪ್ನಿಯಾ. ಎರಡೂ ಕೂಡಿ ತಾಸಿಗೆ 5ರಿಂದ 15 ಸಲ ಆದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಗೊರಕೆ ಹೊಡೆಯುವವರನ್ನು ನೋಡಿ "ಎಂಥಾ ಗಡದ್ದಾದ ನಿದ್ದಿ ಪಾ!" ಅನ್ನುವ ರೂಢಿ ನಮ್ಮಲ್ಲಿದೆ. ಆ ಮನುಷ್ಯ ಹೀಗೆ ರಾತ್ರಿಯಿಡೀ ನೂರಾರು ಸಲ ಎಚ್ಚರಾಗಿರಬಹುದು.

ಲಾರಿ ಡ್ರೈವರುಗಳ ಬಗ್ಗೆ, ರೈಲು ಓಡಿಸುವವರ ಬಗ್ಗೆ ಈಗ ಜನಕ್ಕೆ ಸ್ವಲ್ಪ ತಿಳಿವಳಿಕೆ ಬಂದಿದೆ. ಹುಬ್ಬಳ್ಳಿ-ಧಾರವಾಡ ಬೈಪಾಸಿನ ಸುದ್ದಿ ಓದಿದವರಿಗೆ ಸ್ಟೇರಿಂಗ್ ಹಿಡಿದು ತೂಕಡಿಸಿದರೆ ಏನಾದೀತು ಎಂದು ಹೇಳಿಕೊಡಬೇಕಿಲ್ಲ. ಒಲೆಯ ಮುಂದೆ ತೂಕಡಿಸುವ ಹೆಣ್ಣುಮಗಳ ಸುದ್ದಿ ಯಾವ ಪೇಪರಿನಲ್ಲೂ ಬರುವುದಿಲ್ಲ.

ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಒಬ್ಬರ ಕಥೆ ಹೇಳುತ್ತೇನೆ. ಕುಂದಗೋಳ ಕಡೆಯವರು, ಹುಬ್ಬಳ್ಳಿಯಲ್ಲಿ ಒಂದು ಖಾನಾವಳಿ ನಡೆಸುತ್ತಾರೆ. ನಸುಕಿನ ನಾಲ್ಕಕ್ಕೆ ಎದ್ದು ಹಿಟ್ಟು ನಾದಲು ಕೂರುವವರು. ಬಲಗೈಯ ಬೆರಳಿನ ಹಿಂಭಾಗದಲ್ಲಿ ಸುಟ್ಟ ಗಾಯದ ಕಲೆಗಳು, ಒಂದು ಇನ್ನೂ ಹಸಿ. ರೊಟ್ಟಿ ಬಡಿಯುವವರ ಕೈ ಸುಡುವುದು ಹೊಸದೇನಲ್ಲ, ಆದರೂ ಕೇಳಿದೆ. "ಹಂಚಿನ ಮುಂದ ಕುಂತಾಗ ಕಣ್ಣ ಎಳೀತಾವ್ರೀ. ಒಮ್ಮೊಮ್ಮೆ ಕೈ ಅಲ್ಲೇ ಉಳಿದಬಿಡ್ತೈತಿ" ಅಂದರು. ಬೆಳಿಗ್ಗೆ ಎದ್ದಾಗ ತಲೆ ಭಾರ, ರಾತ್ರಿ ಮೂರು-ನಾಲ್ಕು ಸಲ ಒಂದಕ್ಕೆ ಹೋಗಬೇಕು. ಶುಗರ್ ಪರೀಕ್ಷೆ ಎರಡು ಸಲ ಮಾಡಿಸಿದ್ದರು, ಇರಲಿಲ್ಲ. ಒಬ್ಬ ಡಾಕ್ಟರರು "ವಯಸ್ಸಾತಲ್ಲ, ಮುಟ್ಟು ನಿಲ್ಲೂ ಹೊತ್ತಿನಾಗ ಹಿಂಗಽ" ಎಂದು ಟಾನಿಕ್ ಬರೆದಿದ್ದರಂತೆ.

ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದಕ್ಕೂ ಗಂಟಲಿಗೂ ಏನು ಸಂಬಂಧ ಎಂದು ಎಲ್ಲರೂ ಕೇಳುತ್ತಾರೆ. ಗಾಳಿದಾರಿ ಮುಚ್ಚಿದಾಗ ಎದೆಯೊಳಗೆ ಎಳೆತ ಹೆಚ್ಚಾಗಿ ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ. ರಕ್ತ ಜಾಸ್ತಿಯಾಗಿದೆ ಎಂದು ತಿಳಿದು ಅದು ಒಂದು ಹಾರ್ಮೋನು ಬಿಡುತ್ತದೆ. ಆ ಹಾರ್ಮೋನಿನ ಮಾತು ಕೇಳಿ ಕಿಡ್ನಿಗಳು ಉಪ್ಪು-ನೀರು ಹೊರಹಾಕುತ್ತವೆ. ಮೂತ್ರ ಬಂತೆಂದು ಎಚ್ಚರವಾಯಿತು ಎಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಉಸಿರು ಕಟ್ಟಿ ಎಚ್ಚರವಾಗಿರುತ್ತದೆ, ಎದ್ದ ಮೇಲೆ ಮೂತ್ರ ನೆನಪಾಗಿರುತ್ತದೆ.

ಆ ಅಕ್ಕನವರಿಗೆ ನಾನು ಎಪ್ವರ್ತ್ ಪ್ರಶ್ನೆಗಳನ್ನು ಕೇಳಿದೆ. 1991ರಲ್ಲಿ ಆಸ್ಟ್ರೇಲಿಯಾದ ಮರೆ ಜಾನ್ಸ್ ಎಂಬ ವೈದ್ಯರು ಮಾಡಿದ ಎಂಟು ಪ್ರಶ್ನೆ ಅವು, ಜಗತ್ತೆಲ್ಲ ಬಳಸುತ್ತದೆ. ಕೂತು ಓದುವಾಗ ತೂಕಡಿಕೆ ಬರುತ್ತದೆಯೇ? ಟಿವಿ ನೋಡುವಾಗ? ಸಭೆಯಲ್ಲೋ ಥಿಯೇಟರಿನಲ್ಲೋ ಸುಮ್ಮನೆ ಕೂತಾಗ? ಕಾರಿನಲ್ಲಿ ಒಂದು ತಾಸು ಪ್ರಯಾಣ ಮಾಡುವಾಗ? ಮಧ್ಯಾಹ್ನ ಅಡ್ಡಾದಾಗ? ಊಟವಾದ ಮೇಲೆ ಸುಮ್ಮನೆ ಕೂತಾಗ? ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 24. ಹತ್ತು ದಾಟಿದರೆ ಹಗಲು ನಿದ್ದೆ ಅತಿಯಾಗಿದೆ ಎಂದರ್ಥ.

ಅವರಿಗೆ ಬಂದದ್ದು ನಾಲ್ಕು. ಓದುವುದಿಲ್ಲ. ಥಿಯೇಟರಿಗೆ ಹೋಗಿ ಯಾವ ಕಾಲವಾಯಿತೋ. ಕಾರು ಇಲ್ಲ. ಮಧ್ಯಾಹ್ನವೇ ಖಾನಾವಳಿಯ ಗಿರಾಕಿಗಳ ಹೊತ್ತು. "ಸುಮ್ಮನ ಕುಂತಾಗ ಅಂತ ಕೇಳ್ತೀರಲ್ರೀ, ಕುಂದ್ರೂದು ಎಲ್ಲಿಂದ ಬರ್ತೈತ್ರೀ ನಮಗ?" ಎಂದು ನನ್ನನ್ನೇ ಕೇಳಿದರು. ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ನಟ್ಟಿದೆ. ಕೂರಲು ಪುರುಸೊತ್ತಿಲ್ಲದವರ ನಿದ್ದೆಯನ್ನು ಕೂತಾಗಿನ ತೂಕಡಿಕೆಯಿಂದ ಅಳೆದರೆ ಎಷ್ಟು ಸಿಕ್ಕೀತು? ಆವತ್ತಿನಿಂದ ಆ ಎಂಟನ್ನೂ ಕೇಳಿದ ಮೇಲೆ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಅಕ್ಕಿ ಆರಿಸುವಾಗ ಕೈ ನಿಲ್ಲುತ್ತದೆಯೇ? ಸಿದ್ಧಾರೂಢ ಮಠದಲ್ಲಿ ಪ್ರವಚನಕ್ಕೆ ಕೂತಾಗ? ಚಿಗರಿ ಬಸ್ಸಿನಲ್ಲಿ ಸ್ಟಾಪ್ ದಾಟಿ ಹೋದದ್ದುಂಟೇ? ಹಾಲು ಉಕ್ಕಿದ್ದು ಗೊತ್ತಾಗದೆ ಹೋದದ್ದು? ಉತ್ತರಗಳನ್ನು ಷರಾ ಕಾಲಮ್ಮಿನಲ್ಲಿ ಬರೆಯುತ್ತೇನೆ. ಅಂಕಕ್ಕೆ ಅದು ಸೇರುವುದಿಲ್ಲ, ಡಾಕ್ಟರರು ಓದುತ್ತಾರೆ.

ಇನ್ನೊಂದು ಫಾರ್ಮಿದೆ, ಸ್ಟಾಪ್-ಬ್ಯಾಂಗ್ ಎಂದು. ಆಪರೇಷನ್ನಿಗೆ ಬರುವವರಲ್ಲಿ ಈ ತೊಂದರೆ ಪತ್ತೆ ಮಾಡಲೆಂದು ಕೆನಡಾದ ಟೊರಾಂಟೊದಲ್ಲಿ ಹುಟ್ಟಿ 2008ರಲ್ಲಿ ಪ್ರಕಟವಾದದ್ದು. ಒಳ್ಳೆಯ ಸಾಧನ, ದಿನಾ ಬಳಸುತ್ತೇನೆ. ಆದರೆ ಹೆಣ್ಣುಮಕ್ಕಳ ಮಟ್ಟಿಗೆ ಅದರ ಲೆಕ್ಕ ನೋಡಿ. ಜೋರು ಗೊರಕೆಗೆ ಒಂದು ಅಂಕ: ಕೇಳಿಸಿಕೊಂಡವರಿಲ್ಲ. ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದರೆ ಒಂದು ಅಂಕ: ನೋಡಿದವರಿಲ್ಲ. ಗಂಡಸಾಗಿದ್ದರೆ ಒಂದು ಅಂಕ: ಅದೂ ಹೋಯಿತು. ಒಟ್ಟು ಎಂಟು ಅಂಕದಲ್ಲಿ ಮೂರು ಕೈಬಿಟ್ಟೇ ಶುರು.

ವೈರು ಹಚ್ಚುವುದಕ್ಕೆ ಮುಕ್ಕಾಲು ತಾಸಾದರೂ ಬೇಕು. ತಲೆಯ ಮೇಲೆ ಹಣೆ, ನೆತ್ತಿ, ಹಿಂದಲೆಗೆ ಎರಡೆರಡು, ಕಿವಿಯ ಹಿಂದೆ ಒಂದೊಂದು, ಕಣ್ಣಿನ ಅಂಚಿಗೆ, ಗದ್ದಕ್ಕೆ, ಮೊಣಕಾಲ ಕೆಳಗೆ, ಎದೆಗೆ. ಮೂಗಿಗೆ ನಳಿಕೆ, ಬೆರಳಿಗೆ ಆಕ್ಸಿಜನ್ ಕ್ಲಿಪ್ಪು, ಎದೆಗೊಂದು ಹೊಟ್ಟೆಗೊಂದು ಬೆಲ್ಟು, ಗಂಟಲಿಗೆ ಗೊರಕೆಯ ಮೈಕು. ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ ಎಂದು ಚೀಟಿಯಲ್ಲಿ ಬರೆದು ಕೊಟ್ಟಿರುತ್ತೇವೆ. ಆದರೂ ದವಾಖಾನೆಗೆ ಕೆದರಿದ ತಲೆಯಲ್ಲಿ ಹೋಗಬಾರದೆಂದು ಕೊಬ್ಬರಿ ಎಣ್ಣೆ ಹಚ್ಚಿ, ಬಿಗಿಯಾಗಿ ಹೆರಳು ಹಾಕಿ, ಮಲ್ಲಿಗೆ ಮುಡಿದು ಬಂದಿರುತ್ತಾರೆ. ಮಿದುಳಿನ ಸಂಜ್ಞೆ ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುವಂಥದ್ದು, ಎಣ್ಣೆಯ ಒಂದು ಪದರ ಸಾಕು ಅದನ್ನು ಕೆಡಿಸಲು. ಬೈತಲೆ ಬಿಡಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಉಜ್ಜುವ ಜೆಲ್ಲಿನಿಂದ ಚರ್ಮ ತುಸು ಕೆಂಪಾಗುವಷ್ಟು ಉಜ್ಜಿ, ವೈರಿನ ತುದಿಯ ಪೇಸ್ಟ್ ತುಂಬಿದ ಪುಟ್ಟ ಬಟ್ಟಲನ್ನು ಒತ್ತಿ ಕೂರಿಸುತ್ತೇನೆ. ಇಂಪಿಡೆನ್ಸ್, ಅಂದರೆ ಚರ್ಮಕ್ಕೂ ವೈರಿಗೂ ನಡುವಿನ ವಿದ್ಯುತ್ ತಡೆ, ಐದು ಕಿಲೋ ಓಮಿನ ಕೆಳಗೆ ಬರುವವರೆಗೆ ಬಿಡುವುದಿಲ್ಲ. ಮೆಹಂದಿ ಇದ್ದರೆ ಆಕ್ಸಿಜನ್ ಕ್ಲಿಪ್ಪಿಗೆ ಬಣ್ಣ ತಾಗದ ಬೆರಳು ಹುಡುಕುತ್ತೇನೆ. ತಾಳಿ ತೆಗೆಯಿರಿ ಎಂದು ಯಾರಿಗೂ ಹೇಳುವುದಿಲ್ಲ. ಮೆತ್ತನೆಯ ಬಟ್ಟೆ ಸುತ್ತಿ ಎದೆಯ ವೈರಿಗೆ ತಾಗದಂತೆ ಭುಜದ ಕಡೆ ಸರಿಸಿ ಟೇಪ್ ಹಚ್ಚುತ್ತೇನೆ. ಗಾಜಿನ ಬಳೆಗೂ ಹಾಗೇ.

ಇಲ್ಲೊಂದು ಮಾತು ಹೇಳಲೇಬೇಕು. ರಾತ್ರಿ ಹೊತ್ತು ಗಂಡಸು ಟೆಕ್ನಿಷಿಯನ್ ಎದೆಗೆ ವೈರು ಹಚ್ಚುತ್ತಾನೆ, ಕ್ಯಾಮೆರಾದಲ್ಲಿ ನೋಡುತ್ತಿರುತ್ತಾನೆ ಅಂದರೆ ಎಷ್ಟೋ ಮನೆಗಳವರು ಪರೀಕ್ಷೆಯೇ ಬೇಡ ಎನ್ನುತ್ತಾರೆ. ಲ್ಯಾಬಿನಲ್ಲಿ ಹೆಣ್ಣುಮಕ್ಕಳು ಇದ್ದಾರೆಂದು ಗೊತ್ತಾದ ಮೇಲೆ ಒಪ್ಪಿ ಬಂದವರನ್ನು ಕಂಡಿದ್ದೇನೆ. ಗದಗ, ಹಾವೇರಿ ಕಡೆಯ ಹುಡುಗಿಯರು ಈ ಕೋರ್ಸಿಗೆ ಬರಬೇಕೆಂದು ನಾನು ಮನಸಾರೆ ಬಯಸುವುದು ಇದಕ್ಕೇ.

ದೀಪ ಆರಿಸುವ ಮೊದಲು ಒಂದು ಸಣ್ಣ ಕವಾಯತು ಇರುತ್ತದೆ, ಎಲ್ಲ ವೈರು ಸರಿಯಾಗಿ ಓದುತ್ತಿವೆಯೇ ಎಂದು ನೋಡಲು. ನಾನು ಮೈಕಿನಲ್ಲಿ ಹೇಳುತ್ತೇನೆ: "ಕಣ್ಣ ಮುಚ್ರಿ. ಮ್ಯಾಲ ನೋಡ್ರಿ, ಕೆಳಗ ನೋಡ್ರಿ. ಐದ ಸಲ ಕಣ್ಣ ಪಿಳುಕಸ್ರಿ. ಪಾದ ಅಳ್ಳಾಡಸ್ರಿ. ಹತ್ತ ಸೆಕೆಂಡ ಉಸಿರ ಹಿಡೀರಿ. ಈಗ ಗೊರಕಿ ಹೊಡದಂಗ ಸಪ್ಪಳ ಮಾಡ್ರಿ." ಗಂಡಸರು ಕೊನೆಯದನ್ನು ಹುರುಪಿನಿಂದ ಮಾಡುತ್ತಾರೆ. ಹೆಣ್ಣುಮಕ್ಕಳು ಇಲ್ಲಿ ನಿಂತುಬಿಡುತ್ತಾರೆ. ಖಾನಾವಳಿಯ ಅಕ್ಕನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅದೊಂದ ಬ್ಯಾಡ್ರಿ ಮೇಡಂ." ಬಾಗಿಲು ಹಾಕಿದ ಕೋಣೆಯಲ್ಲಿ, ಒಂದು ಯಂತ್ರದ ಮುಂದೆ, ಹೆಣ್ಣು ತಂತ್ರಜ್ಞೆಯ ಕೋರಿಕೆಯ ಮೇಲೂ ಆ ಸದ್ದು ಹೊರಡಲಿಲ್ಲ. ಗೊರಕೆ ಅಂದರೆ ಹೆಣ್ಣಿಗೆ ಅವಮಾನ ಎಂಬುದು ಎಷ್ಟು ಆಳಕ್ಕೆ ಇಳಿದಿದೆ ಎಂದು ನನಗೆ ಆಗ ಹೊಳೆಯಿತು. "ಹೂಂ ಅಂತ ಅನ್ರಿ ಸಾಕು" ಎಂದು ಮೈಕು ಪರೀಕ್ಷಿಸಿಕೊಂಡೆ.

ರಾತ್ರಿಯ ಮೊದಲ ಭಾಗ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಹಗುರ ಗೊರಕೆ, ಅಲ್ಲಲ್ಲಿ ಉಸಿರು ತೆಳುವಾಗಿ ಮಿದುಳು ಪುಟ್ಟದಾಗಿ ಎಚ್ಚರಾಗುವುದು. ರಕ್ತದ ಆಕ್ಸಿಜನ್ ಶೇಕಡಾ 92, 93ರಲ್ಲೇ ಓಡಾಡುತ್ತಿತ್ತು. ಎರಡು ಸಲ ಬಚ್ಚಲಿಗೆ ಎದ್ದರು. ನಸುಕಿನ ಮೂರು ದಾಟಿದ ಮೇಲೆ ಉದ್ದನೆಯ ರೆಮ್ ಶುರುವಾಯಿತು. ರೆಮ್ ಅಂದರೆ ಮುಚ್ಚಿದ ರೆಪ್ಪೆಯ ಒಳಗೆ ಕಣ್ಣು ಚಕಚಕನೆ ಓಡಾಡುವ, ಹೆಚ್ಚು ಕನಸು ಬೀಳುವ ನಿದ್ದೆ. 1953ರಲ್ಲಿ ಶಿಕಾಗೋದಲ್ಲಿ ಅಸೆರಿನ್ಸ್ಕಿ ಮತ್ತು ಕ್ಲೈಟ್ಮನ್ ಇದನ್ನು ಲೋಕಕ್ಕೆ ತಿಳಿಸಿದರು. ಆ ಹೊತ್ತಿನಲ್ಲಿ ಮೈಯ ಬಹುಪಾಲು ಸ್ನಾಯುಗಳ ಬಲವನ್ನು ಮಿದುಳು ತಡೆಹಿಡಿದಿರುತ್ತದೆ. ಗದ್ದದ ಗೆರೆ ಚಪ್ಪಟೆಯಾಗುತ್ತದೆ. ಗಂಟಲಿನದೂ ಅದೇ ಗತಿ. ಸ್ಕ್ರೀನಿನಲ್ಲಿ ಕಣ್ಣಿನ ಎರಡು ಗೆರೆ ಒಂದಕ್ಕೊಂದು ಎದುರಾಗಿ ಕುಣಿಯತೊಡಗಿದವು, ಮೂಗಿನ ಗಾಳಿಯ ಗೆರೆ ಮಲಗಿತು. ಇಪ್ಪತ್ತು ಸೆಕೆಂಡು. ಮೂವತ್ತು. ಆಕ್ಸಿಜನ್ 88, 83, 76. ಒಮ್ಮೆಲೆ ದೊಡ್ಡ ಉಸಿರು. ನಾಲ್ಕೈದು ಉಸಿರು ಆಡಿದರೋ ಇಲ್ಲವೋ, ಮತ್ತೆ ಗೆರೆ ಮಲಗಿತು. ಈ ಸಲ 71ಕ್ಕೆ ಇಳಿಯಿತು. ಆ ರೆಮ್ ಮುಗಿಯುವವರೆಗೂ ಹೀಗೇ. ನಾಲ್ಕಕ್ಕೆ ಅವರು ಅಲಾರಾಂ ಇಲ್ಲದೆಯೇ ಎದ್ದು ಕೂತು "ಮೇಡಂ, ಹಿಟ್ಟಿನ ಹೊತ್ತಾತ್ರೀ" ಅಂದರು.

ಇಡೀ ರಾತ್ರಿಯ ಸರಾಸರಿ ತಾಸಿಗೆ 18 ಬಂತು, ಮಧ್ಯಮ. ರೆಮ್ ಒಂದನ್ನೇ ಲೆಕ್ಕ ಹಿಡಿದರೆ 50ರ ಮೇಲೆ. ಹೆಣ್ಣುಮಕ್ಕಳಲ್ಲಿ ಇಂಥ ಚಿತ್ರ ಹೆಚ್ಚು. ಅವರಲ್ಲಿ ಪೂರ್ತಿ ಉಸಿರು ನಿಲ್ಲುವುದು ಕಡಿಮೆ, ತೆಳುವಾಗಿ ಎಚ್ಚರವಾಗುವುದು ಜಾಸ್ತಿ. ಆಕ್ಸಿಜನ್ ಅಷ್ಟಾಗಿ ಇಳಿಯದೆಯೇ ನಿದ್ದೆ ಚಿಂದಿಯಾಗಿರುತ್ತದೆ. ಕೆಟ್ಟ ಭಾಗವೆಲ್ಲ ರೆಮ್‌ನಲ್ಲಿ ಕೂಡಿಬಿದ್ದಿರುತ್ತದೆ. ಮುಟ್ಟು ನಿಂತ ಮೇಲೆ ಪ್ರೊಜೆಸ್ಟರಾನ್‌ನಂಥ ಹಾರ್ಮೋನುಗಳ ಕಾವಲು ಹೋಗಿ ತೊಂದರೆ ಏರುತ್ತದೆ. "ವಯಸ್ಸಾತಲ್ಲ" ಎಂಬ ಮಾತು ಬರುವುದು ಸರಿಯಾಗಿ ಆ ವಯಸ್ಸಿಗೇ.

ಹಾಗಾಗಿಯೇ ಮನೆಯಲ್ಲೇ ಮಾಡುವ ಸಣ್ಣ ಪರೀಕ್ಷೆಯ ಬಗ್ಗೆ ನನಗೆ ಹೆಣ್ಣುಮಕ್ಕಳ ವಿಷಯದಲ್ಲಿ ಅಷ್ಟು ಭರವಸೆ ಇಲ್ಲ. ದಪ್ಪ ಕುತ್ತಿಗೆ, ಜೋರು ಗೊರಕೆಯ ಗಂಡಸರಿಗೆ ಅದು ಸಾಕಾಗುತ್ತದೆ, ಖರ್ಚೂ ಕಡಿಮೆ. ಆದರೆ ಅದರಲ್ಲಿ ತಲೆಯ ವೈರು ಇರುವುದಿಲ್ಲ. ಮಿದುಳು ಎಚ್ಚರಾದದ್ದು ಅದಕ್ಕೆ ಕಾಣುವುದಿಲ್ಲ. ಸುಮ್ಮನೆ ಕಣ್ಣು ಮುಚ್ಚಿ ಬಿದ್ದುಕೊಂಡ ತಾಸುಗಳನ್ನೂ ನಿದ್ದೆ ಎಂದು ಭಾಗಿಸುತ್ತದೆ, ಅಂಕ ಇನ್ನೂ ಇಳಿಯುತ್ತದೆ. "ನಾರ್ಮಲ್" ಎಂಬ ಕಾಗದ ಹಿಡಿದು ಮನೆಗೆ ಹೋದ ಮೇಲೂ ಆಯಾಸ ಹಾಗೇ ಇದ್ದರೆ, ಪೂರ್ತಿ ರಾತ್ರಿಯ ಪರೀಕ್ಷೆ ಬೇಕೇ ಎಂದು ಡಾಕ್ಟರರನ್ನು ಧೈರ್ಯವಾಗಿ ಕೇಳಿ.

ಬೆಳಿಗ್ಗೆ ಎಲ್ಲರೂ ಕೇಳುವುದು "ಏನ್ ಬಂತ್ರೀ?" ಎಂದು. ಹೇಳುವ ಅಧಿಕಾರ ನನಗಿಲ್ಲ. ನಾನು ಗುರುತು ಹಾಕುತ್ತೇನೆ, ಡಾಕ್ಟರರು ಓದಿ ವರದಿ ಕೊಡುತ್ತಾರೆ. ಆ ಅಕ್ಕನವರಿಗೆ ಸಿ-ಪ್ಯಾಪ್ ಬರೆದರು. ಮೂಗಿನ ಮೇಲೆ ಮಾಸ್ಕ್ ಇಟ್ಟು ಹದವಾದ ಒತ್ತಡದಲ್ಲಿ ಗಾಳಿ ಕೊಟ್ಟು ಗಂಟಲು ಮುಚ್ಚದಂತೆ ತಡೆಯುವ ಯಂತ್ರ ಅದು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಅವರ ಸಂಗಡಿಗರು ಇದನ್ನು ಮೊದಲು ವರದಿ ಮಾಡಿದರು. ಇನ್ನೊಂದು ರಾತ್ರಿ ಕರೆಸಿ 4 ಸೆಂಟಿಮೀಟರ್ ನೀರಿನ ಒತ್ತಡದಿಂದ ಶುರುಮಾಡಿ ಒಂದೊಂದೇ ಏರಿಸುತ್ತ ಹೋದೆ. ಮೂಗುಬಟ್ಟು ಇತ್ತು. ಮೂಗನ್ನು ಮುಚ್ಚುವ ಮಾಸ್ಕಿನ ಅಂಚು ಅದರ ಮೇಲೆ ಕೂತು ಗಾಳಿ ಸೋರಿ ಕಣ್ಣಿಗೆ ಬಡಿಯುತ್ತಿತ್ತು. ತೆಗೆಯಲು ಮನಸ್ಸಿರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಹೊಳ್ಳೆಗಳಿಗೆ ಮಾತ್ರ ಕೂರುವ ಪಿಲ್ಲೋ ಮಾಸ್ಕ್ ಹಾಕಿದೆ, ಸರಿಹೋಯಿತು. ಬೇರೆ ಲ್ಯಾಬುಗಳ ಗೆಳತಿಯರಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ: ಮೂಗುಬಟ್ಟಿನ ಕಾರಣಕ್ಕೆ ಯಾರೂ ಮಾಸ್ಕ್ ಬಿಡುವಂತಾಗಬಾರದು.

ಕರೆಂಟ್ ಹೋದರೆ ಉಸಿರು ಕಟ್ಟುತ್ತದೆಯೇ ಎಂದು ಹಳ್ಳಿಯವರು ಕೇಳಿಯೇ ಕೇಳುತ್ತಾರೆ. ಇಲ್ಲ. ಮಾಸ್ಕಿನಲ್ಲಿ ಗಾಳಿಗೆ ಕಿಂಡಿ ಇರುತ್ತದೆ, ಎಚ್ಚರವಾಗಿ ತೆಗೆದಿಟ್ಟರಾಯಿತು. ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಆರಿಸಿಟ್ಟರೆ ಮನೆಯ ಇನ್ವರ್ಟರಿನಲ್ಲೂ ಯಂತ್ರ ನಡೆಯುತ್ತದೆ. ಆ ಹ್ಯುಮಿಡಿಫೈಯರಿಗೆ ಬೋರ್‌ವೆಲ್ ನೀರು ಹಾಕಬೇಡಿ, ತೊಟ್ಟಿಯೊಳಗೆ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ನೀರೇ ಬೇಕು.

ಬೆಲೆಯ ಮಾತು ಕಷ್ಟದ್ದು. ಯಂತ್ರಕ್ಕೆ ಹತ್ತಾರು ಸಾವಿರ ಆಗುತ್ತದೆ. ಯಜಮಾನರಿಗೆ ಬರೆದಾಗ ಮನೆಯವರು ಹೇಗೋ ಹೊಂದಿಸುತ್ತಾರೆ, ಅವ್ವನಿಗೆ ಬರೆದಾಗ "ನೋಡೂಣು" ಎನ್ನುವ ಮಾತು ಬರುತ್ತದೆ. ಇದನ್ನು ಕೇಳಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಖಾನಾವಳಿಯ ಅಕ್ಕನವರು ಯಾರನ್ನೂ ಕೇಳಲಿಲ್ಲ, ಮಹಿಳಾ ಸಂಘದಲ್ಲಿ ಸಾಲ ಎತ್ತಿ ತಾವೇ ಕೊಂಡರು. ಫಾಲೋಅಪ್‌ಗೆ ಬಂದಾಗ ಕೈ ತೋರಿಸಿದರು. ಹಳೆಯ ಕಲೆ ಇದ್ದವು, ಹೊಸದು ಇರಲಿಲ್ಲ. ಬಿಪಿ ಗುಳಿಗೆ ಒಂದನ್ನು ಡಾಕ್ಟರರು ಕಡಿಮೆ ಮಾಡಿದ್ದರು.

ಅವರನ್ನು ಪರೀಕ್ಷೆಗೆ ತಂದದ್ದು ಯಾರು ಎಂದು ಆವತ್ತು ಗೊತ್ತಾಯಿತು. ರಜೆಗೆ ಬಂದಿದ್ದ ಮೊಮ್ಮಗ. "ಆಯಿ ರಾತ್ರಿ ಸುಮ್ಮಕಾಗ್ತಾಳ, ಆಮ್ಯಾಲ ಒಮ್ಮೆಲೆ ಉಸಿರ ಎಳಕೋತಾಳ, ನನಗ ಅಂಜಿಕಿ ಬರ್ತೈತಿ" ಎಂದು ತನ್ನ ತಾಯಿಗೆ ಹೇಳಿದ್ದನಂತೆ. ಆ ಮಗಳು ಅದನ್ನು ಫಿಜಿಶಿಯನ್‌ಗೆ ತಿಳಿಸಿದ್ದಳು.

ಆದ್ದರಿಂದ ನಿಮ್ಮ ಮನೆಯ ಅವ್ವ, ಅತ್ತೆ, ದೊಡ್ಡವ್ವ ಯಾವಾಗಲೂ ದಣಿದಿದ್ದರೆ, ಬೆಳಗಿನ ತಲೆನೋವು, ಇಳಿಯದ ಬಿಪಿ ಇದ್ದರೆ, ಅವರ ಕೋಣೆಯಲ್ಲಿ ಒಂದು ರಾತ್ರಿ ಮಲಗಿ. ಮುಖ್ಯವಾಗಿ ನಸುಕಿನ ಎರಡರಿಂದ ಐದರ ನಡುವೆ ಎಚ್ಚರ ಇರಿ. ಅವರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆದು ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ. ಉಸಿರು ನಿಂತಂತೆ ಕಂಡರೆ ಸೆಕೆಂಡು ಎಣಿಸಿ ಬರೆದಿಡಿ. ಅದನ್ನು ಶ್ವಾಸಕೋಶದ ಡಾಕ್ಟರರಿಗೋ ಕಿವಿ-ಮೂಗು-ಗಂಟಲಿನ ಡಾಕ್ಟರರಿಗೋ ತೋರಿಸಿ. ಪರೀಕ್ಷೆಗೆ ಕರೆತರುವ ದಿನ ತಲೆಗೆ ಎರೆದುಕೊಂಡು ಎಣ್ಣೆ ಹಚ್ಚದೆ ಬರಲಿ, ಮಧ್ಯಾಹ್ನದ ಮೇಲೆ ಚಹಾ ಬೇಡ, ನಡೆಯುತ್ತಿರುವ ಗುಳಿಗೆಗಳ ಚೀಟಿ ಇರಲಿ, ತಮ್ಮದೇ ದಿಂಬು ತಂದರೆ ಒಳ್ಳೆಯದು. ಜೊತೆಗೆ ಬರುವವರು ಮನೆಯಲ್ಲಿ ಆ ರಾತ್ರಿ ಅವರ ಕೋಣೆಯಲ್ಲಿ ಮಲಗಿ ಕೇಳಿಸಿಕೊಂಡವರೇ ಆಗಿರಲಿ. ಫಾರ್ಮಿನಲ್ಲಿ ಗೊರಕೆಯ, ನಿಂತ ಉಸಿರಿನ ಆ ಎರಡು ಖಾನೆಯನ್ನು ಅವರು ತುಂಬಬೇಕು.